ಹನಿ ನೀರಾವರಿ: ತಿಳಿದಿರುವುದೆಷ್ಟು, ನಡೆಸುತ್ತಿರುವುದೆಷ್ಟು?

ಬೇಸಿಗೆಯಲ್ಲಿ ಫಲ ಬಿಡುವ ಅಡಿಕೆ ಮರವೊಂದಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ ಎಷ್ಟು ನೀರು ಬೇಕು ಎಂದು ನಮ್ಮ ಸಂಘದ ಯಾವ ಸದಸ್ಯರನ್ನು ಕೇಳಿದರೂ ತಡವಿಲ್ಲದೆ ಉತ್ತರ ಬರುತ್ತದೆ: ಹದಿನಾರರಿಂದ ಇಪ್ಪತ್ತು ಲೀಟರು. ಉತ್ತರ ಸರಿಯಾಗಿಯೇ ಇದೆ. ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುತ್ತಾ ಬಂದಿರುವುದೂ ಅದನ್ನೇ. ಆದರೆ ಅದೇ ಸದಸ್ಯರನ್ನು, "ನಿಮ್ಮ ತೋಟದ ಕೊನೆಯ ಸಾಲಿನ ಕೊನೆಯ ಮರಕ್ಕೆ ನಿನ್ನೆ ಎಷ್ಟು ಬಿತ್ತು?" ಎಂದು ಕೇಳಿದರೆ ಉತ್ತರ ಬರುವುದಿಲ್ಲ. "ಎರಡು ಗಂಟೆ ಬಿಟ್ಟಿದ್ದೇವಲ್ಲ" ಎನ್ನುತ್ತಾರೆ. ಗಂಟೆಯ ಲೆಕ್ಕ ಪಂಪಿನದ್ದು, ಲೀಟರಿನ ಲೆಕ್ಕ ಮರದ್ದು. ಇವೆರಡರ ನಡುವೆ ಇರುವ ಅಂತರದ ಬಗ್ಗೆ ಸದಸ್ಯ ಬಂಧುಗಳೊಡನೆ ನಾಲ್ಕು ಮಾತು ಆಡಬೇಕೆಂದು ಈ ಬರಹ.

ಈಗಲೇ ಇದನ್ನು ಬರೆಯಲು ಕಾರಣವಿದೆ. ಸಂಘದ ಆಡಳಿತ ಮಂಡಳಿಯ ಮುಂದೆ ಬರುತ್ತಿರುವ ಸಾಲದ ಅರ್ಜಿಗಳಲ್ಲಿ ಕೊಳವೆಬಾವಿಯವೇ ಎದ್ದು ಕಾಣುತ್ತವೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ಹಳ್ಳಗಳು ಬತ್ತಿದ್ದನ್ನೂ, ತೆರೆದ ಬಾವಿಗಳ ತಳ ಕಂಡದ್ದನ್ನೂ ಯಾರೂ ಮರೆತಿಲ್ಲ. ಅಂದಿನಿಂದ ಒಂದು ಕೊಳವೆಬಾವಿ ಇದ್ದವರು ಎರಡನೆಯದಕ್ಕೆ, ಎರಡು ಇದ್ದವರು ಮೂರನೆಯದಕ್ಕೆ ಅರ್ಜಿ ಹಾಕುತ್ತಿದ್ದಾರೆ. ಕೊರೆದ ಬಾವಿಯಲ್ಲಿ ನೀರು ಬಾರದಿದ್ದರೂ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಅರ್ಜಿ ಹಾಕಿದವರಲ್ಲಿ ಹಲವರ ತೋಟದಲ್ಲಿ ಸಹಾಯಧನದಿಂದ ಹಾಕಿದ ಹನಿ ನೀರಾವರಿಯೂ ಇದೆ. ಅಂದರೆ ಕಾಗದದ ಮೇಲೆ ಅವರು ನೀರು ಉಳಿಸುವವರು. ಹಾಗಿದ್ದರೆ ಉಳಿದ ನೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಸಾಲ ಕೊಡುವವರಿಗೂ ಬರಬೇಕು, ಪಡೆಯುವವರಿಗೂ ಬರಬೇಕು.

ಮೊದಲು ಲೆಕ್ಕವನ್ನು ಒಮ್ಮೆ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳು. ಹಳೆಯ ಪದ್ಧತಿಯಂತೆ ಬುಡಕ್ಕೆ ಪಾತಿ ಮಾಡಿ ಎರೆಯುವುದಾದರೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರು. ನವೆಂಬರ್ ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಎಂಬುದು ಶಿಫಾರಸು. ಐದು ದಿನಕ್ಕೊಮ್ಮೆ ಎಂದು ಹಿಡಿದರೂ ಎಕರೆಗೆ ದಿನಕ್ಕೆ 19,000 ಲೀಟರಿಗೆ ಮೀರುತ್ತದೆ. ಹನಿ ನೀರಾವರಿಯಲ್ಲಿ ಮರಕ್ಕೆ 18 ಲೀಟರಿನಂತೆ ಲೆಕ್ಕ ಹಾಕಿದರೆ ದಿನಕ್ಕೆ 9,900 ಲೀಟರು. ಹೆಚ್ಚು ಕಡಿಮೆ ಅರ್ಧಕ್ಕೆ ಅರ್ಧ. ಇದು ಕಂಪೆನಿಯ ಪ್ರತಿನಿಧಿ ಹೇಳುವ ಉತ್ಪ್ರೇಕ್ಷೆಯಲ್ಲ, ಗುಣಾಕಾರ ಗೊತ್ತಿದ್ದವರು ಯಾರೂ ಮಾಡಿ ನೋಡಬಹುದಾದ ಲೆಕ್ಕ. ಆದರೆ ಈ ಅರ್ಧ ಉಳಿಯುವುದು ಪ್ರತಿ ಮರಕ್ಕೂ 18 ಲೀಟರು ನಿಜವಾಗಿ ತಲುಪಿದಾಗ ಮಾತ್ರ.

ಹನಿ ನೀರಾವರಿ ಹೊಸ ವಿದ್ಯೆಯೇನೂ ಅಲ್ಲ. ಇಸ್ರೇಲಿನಲ್ಲಿ ಸಿಮ್ಚಾ ಬ್ಲಾಸ್ ಎಂಬ ಜಲ ಎಂಜಿನಿಯರರು ನೀರು ಸುತ್ತಿ ಬಳಸಿ ಹೋಗುವಂತೆ ಉದ್ದನೆಯ ಸಣ್ಣ ದಾರಿ ಮಾಡಿ, ಅದರಿಂದ ವೇಗ ತಗ್ಗಿ ಹನಿಯಾಗಿ ಬೀಳುವಂತಹ ಸಾಧನವನ್ನು ರೂಪಿಸಿದರು. 1965ರಲ್ಲಿ ಹಟ್ಜೆರಿಮ್ ಎಂಬ ಸಾಮೂಹಿಕ ಕೃಷಿ ಗ್ರಾಮದವರು ಅದನ್ನು ತಯಾರಿಸಲು ನೆಟಾಫಿಮ್ ಸಂಸ್ಥೆಯನ್ನು ಕಟ್ಟಿದರು. ಸೂಕ್ಷ್ಮವಾದ ರಂಧ್ರ ಮಾಡಿದರೆ ಬೇಗ ಕಟ್ಟಿಕೊಳ್ಳುತ್ತದೆ, ದೊಡ್ಡದು ಮಾಡಿದರೆ ನೀರು ಹೆಚ್ಚು ಹೋಗುತ್ತದೆ. ಈ ತೊಡಕನ್ನು ಬಿಡಿಸಿದ್ದೇ ಅವರ ಹೆಚ್ಚುಗಾರಿಕೆ. ಅಷ್ಟಾದರೂ ಕಟ್ಟಿಕೊಳ್ಳುವ ಕಾಟ ಪೂರ್ತಿ ನೀಗಿಲ್ಲ. ನಮ್ಮ ಕಥೆ ಬಹುಪಾಲು ಅಲ್ಲೇ ಇದೆ.

ಕೇಳಿದ್ದು ಬೇರೆ, ನಂಬಿದ್ದು ಬೇರೆ

ಕೃಷಿ ವಿಶ್ವವಿದ್ಯಾನಿಲಯಗಳ ವಿಸ್ತರಣಾ ವಿಭಾಗದ ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ನಮ್ಮ ಊರುಗಳಿಗೆ ಬರುವುದುಂಟು. ಡ್ರಿಪ್ಪರು ಬುಡದಿಂದ ಎಷ್ಟು ದೂರವಿರಬೇಕು, ಫಿಲ್ಟರನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂದೆಲ್ಲ ಕೇಳಿ, ಉತ್ತರಕ್ಕೆ ಅಂಕ ಕೊಟ್ಟು, ನಮ್ಮನ್ನು ಹೆಚ್ಚು, ಮಧ್ಯಮ, ಕಡಿಮೆ ಜ್ಞಾನದವರೆಂದು ಮೂರು ಗುಂಪು ಮಾಡುತ್ತಾರೆ. ಆಮೇಲೆ ಅಳವಡಿಕೆಗೂ ಹಾಗೆಯೇ ಮೂರು ಗುಂಪು. ಹುಡುಗರು ಶ್ರಮಪಡುತ್ತಾರೆ, ಅವರ ಬಗ್ಗೆ ನನ್ನ ದೂರಿಲ್ಲ. ಚಹಾ ಕೊಟ್ಟು ಉತ್ತರ ಹೇಳಿ ಕಳುಹಿಸಿದ್ದೇವೆ. ಆದರೆ ಮನೆಯ ಜಗಲಿಯ ಮೇಲೆ ಕುಳಿತು ಕೊಟ್ಟ ಉತ್ತರಕ್ಕೂ ತೋಟದಲ್ಲಿ ಕಾಣುವುದಕ್ಕೂ ವ್ಯತ್ಯಾಸವಿದೆ. ಗೊತ್ತಿರುವುದನ್ನೆಲ್ಲ ಮಾಡಿದ್ದೇವೆ ಎಂದು ಹೇಳುವುದು ಮನುಷ್ಯ ಸ್ವಭಾವ.

ಈ ಶಾಸ್ತ್ರದ ಮೂಲದಲ್ಲಿರುವ ಒಂದು ಅಧ್ಯಯನ ನಮಗೆ ಪ್ರಯೋಜನದ್ದು. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ರೈತರಲ್ಲಿ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿ ಮೊದಲು ರೈತರಿಗೆ ತಲುಪಿದ್ದು ಹೆಚ್ಚಾಗಿ ಮಾರಾಟಗಾರರಿಂದ. ಆದರೆ ಬಿತ್ತಲು ಮನಸ್ಸು ಮಾಡಿಸಿದ್ದು ನೆರೆಹೊರೆಯವರು. ಸುದ್ದಿ ತಿಳಿದ ಮೇಲೆ ಬಿತ್ತನೆ ಮಾಡುವವರೆಗೆ ಸರಾಸರಿ ಒಂಬತ್ತು ವರ್ಷ ಹಿಡಿಯಿತಂತೆ. ನಮ್ಮಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಸಹಾಯಧನ ಸಿಕ್ಕಿದ ವರ್ಷ ಮನಸ್ಸು ಮಾಡುವುದಕ್ಕೆ ಮೊದಲೇ ಪೈಪು ಬಂದು ಬಿದ್ದಿತು. ಫೋಟೊ ತೆಗೆದು, ತಪಾಸಣೆ ಮುಗಿದು, ಹಣ ಜಮೆಯಾಯಿತು. ಇಲಾಖೆಯ ಪುಸ್ತಕದಲ್ಲಿ ಆ ತೋಟ ಅಳವಡಿಸಿದ್ದು ಎಂದು ದಾಖಲಾಯಿತು. ಎರಡು ಬೇಸಿಗೆ ಕಳೆದ ಮೇಲೆ ಆ ಪೈಪು ಸುರುಳಿ ಸುತ್ತಿ ಕೊಟ್ಟಿಗೆಯ ಅಟ್ಟ ಸೇರಿದ್ದನ್ನು ದಾಖಲು ಮಾಡುವ ಪುಸ್ತಕ ಯಾರಲ್ಲೂ ಇಲ್ಲ.

ಅಟ್ಟ ಸೇರಲು ಕಾರಣವೇನು? ರೈತನಿಗೆ ತಿಳಿವಳಿಕೆ ಸಾಲದು ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ.

ಕೊನೆಯ ಸಾಲಿನ ಮರ

ಇತ್ತೀಚೆಗೆ ಸಾಲದ ಅರ್ಜಿಯ ಸ್ಥಳ ತನಿಖೆಗೆಂದು ಸದಸ್ಯರೊಬ್ಬರ ತೋಟಕ್ಕೆ ಹೋಗಿದ್ದೆ. ಒಂದೂಕಾಲು ಎಕರೆ ತೋಟ, ಎಲ್ಲ ಮರಕ್ಕೂ ಎರಡೆರಡು ಡ್ರಿಪ್ಪರು, ಒಂದೊಂದು ಗಂಟೆಗೆ ನಾಲ್ಕು ಲೀಟರಿನದ್ದು. ಆದರೂ ಕೆಳಗಿನ ಸಾಲುಗಳಲ್ಲಿ ಎಳೆಕಾಯಿ ಉದುರಿ, ಸೋಗೆ ಜೋತು, ಮರಗಳು ಸೊರಗಿದ್ದವು. ನೀರು ಸಾಲುವುದಿಲ್ಲ, ಇನ್ನೊಂದು ಬಾವಿ ಕೊರೆಯದೆ ವಿಧಿಯಿಲ್ಲ ಎಂದು ಅವರ ಅಭಿಪ್ರಾಯ. ಮನೆಯಿಂದ ಅಳತೆಯ ಲೋಟ ತರಿಸಿ, ಪಂಪು ಹಾಕಿಸಿ, ಡ್ರಿಪ್ಪರಿನ ಕೆಳಗೆ ಮೂರು ನಿಮಿಷ ಹಿಡಿದೆವು. ನಾಲ್ಕು ಲೀಟರಿನ ಡ್ರಿಪ್ಪರಿನಿಂದ ಮೂರು ನಿಮಿಷಕ್ಕೆ 200 ಮಿಲಿಲೀಟರು ಬೀಳಬೇಕು. ಪಂಪಿನ ಹತ್ತಿರದ ಸಾಲಿನಲ್ಲಿ 230 ಬಿತ್ತು. ಕೊನೆಯ ಸಾಲಿನಲ್ಲಿ 60. ಎರಡೂಕಾಲು ಗಂಟೆ ನೀರು ಬಿಟ್ಟರೆ ಮೊದಲ ಮರಕ್ಕೆ 20 ಲೀಟರಿನ ಮೇಲೆ, ಕೊನೆಯ ಮರಕ್ಕೆ ಐದೂವರೆ ಲೀಟರಿಗೂ ಕಡಿಮೆ. ಕೊನೆಯ ಮರ ಬಾಡುತ್ತಿದೆಯೆಂದು ಅವರು ಪಂಪನ್ನು ಐದು ಗಂಟೆ ಓಡಿಸುತ್ತಿದ್ದರು. ಆಗ ಮೊದಲ ಮರಗಳ ಬುಡದಲ್ಲಿ 45 ಲೀಟರಿಗೂ ಹೆಚ್ಚು ನೀರು ಇಂಗಿ ಬೇರಿನ ಕೆಳಕ್ಕೆ ಇಳಿದು ಹೋಗುತ್ತಿತ್ತು. ಬಾವಿಯಲ್ಲಿ ನೀರಿಗೆ ಕೊರತೆಯೇ ಇರಲಿಲ್ಲ. ಫಿಲ್ಟರಿನ ಜಾಲರಿ ತೆಗೆದು ನೋಡಿದರೆ ಕೆಂಪು ಲೋಳೆ ಗೋಡೆಯಂತೆ ಕಟ್ಟಿತ್ತು. ಲ್ಯಾಟರಲ್ ಪೈಪಿನ ತುದಿಯ ಮುಚ್ಚಳ ಬಿಚ್ಚಿದಾಗ ಬಂದದ್ದು ಕಾಫಿ ಗಷ್ಟಿನಂತಹ ಕೆಸರು.

ಈ ಸದಸ್ಯರು ತಿಳಿಯದವರಲ್ಲ. ಫಿಲ್ಟರು ತೊಳೆಯಬೇಕೆಂದು ಅವರಿಗೆ ಗೊತ್ತು. ಪಂಪುಮನೆ ಹಳ್ಳದ ಆಚೆ ಇದೆ, ಮಗ ಬೆಂಗಳೂರಿನಲ್ಲಿದ್ದಾನೆ, ಮಂಡಿನೋವು. ವಾಲ್ವು ತಿರುಗಿಸುವವನು ವಾರಕ್ಕೆ ಮೂರು ದಿನ ಬರುವ ಆಳು, ಅವನಿಗೆ ಫಿಲ್ಟರಿನ ಬಗ್ಗೆ ಯಾರೂ ಹೇಳಿಲ್ಲ. ತರಬೇತಿಗೆ ಕರೆಯುವುದು ಪಹಣಿಯಲ್ಲಿ ಹೆಸರಿದ್ದವರನ್ನು. ವಾಲ್ವು ತಿರುಗಿಸುವುದು ಆಳು, ಅಥವಾ ಮನೆಯ ಹೆಂಗಸರು. ನಮ್ಮ ಸಂಘವೇ ಏರ್ಪಡಿಸುವ ಪ್ರಾತ್ಯಕ್ಷಿಕೆಗಳ ಮುಂದಿನ ಸಾಲಿನ ಕುರ್ಚಿಗಳಲ್ಲಿ ಅವರನ್ನು ಕಾಣುವುದು ಅಪರೂಪ.

ನಮ್ಮ ಸೀಮೆಯ ಕಷ್ಟಗಳು ಕೈಪಿಡಿಗಳಲ್ಲಿ ಸಾಕಷ್ಟು ಬರುವುದಿಲ್ಲ. ಒಂದು, ಕೆಂಪು ನೀರು. ಜಂಬಿಟ್ಟಿಗೆ ಮಣ್ಣಿನ ನೆಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಕೊಳವೆಬಾವಿಯಿಂದ ಬರುವಾಗ ತಿಳಿಯಾಗಿ ಕಾಣುವ ನೀರು ಗಾಳಿ ತಾಗಿದೊಡನೆ ಕೆಂಪಾಗಿ ಲೋಳೆ ಕಟ್ಟುತ್ತದೆ. ಅಂತಹ ನೀರನ್ನು ನೇರವಾಗಿ ಪೈಪಿಗೆ ಬಿಡದೆ, ಮೇಲಿನಿಂದ ತೊಟ್ಟಿಗೆ ಬೀಳಿಸಿ, ಒಂದು ರಾತ್ರಿ ತಂಗಲು ಬಿಟ್ಟು, ತಳದಿಂದ ಒಂದಡಿ ಮೇಲಿನ ನೀರನ್ನು ತೆಗೆದುಕೊಂಡರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಕೆರೆ ಮತ್ತು ಹಳ್ಳದ ನೀರಾದರೆ ಪಾಚಿ ಮತ್ತು ಕೊಳೆತ ಎಲೆ. ಇದಕ್ಕೆ ಜಾಲರಿ ಫಿಲ್ಟರು ಒಂದೇ ಸಾಲದು, ಮರಳಿನ ಫಿಲ್ಟರು ಬೇಕು. ಸಹಾಯಧನದ ಅಂದಾಜಿನಲ್ಲಿ ಖರ್ಚು ಇಳಿಸಲು ಮೊದಲು ಕೈಬಿಡುವುದು ಇದನ್ನೇ. ಡ್ರಿಪ್ಪರಿನ ಬಾಯಲ್ಲಿ ಬಿಳಿಯ ಸುಣ್ಣ ಕಟ್ಟುವ ಗಡಸು ನೀರಿಗೆ ಆಮ್ಲದ ಉಪಚಾರ ಬೇಕಾಗುತ್ತದೆ. ಆಮ್ಲವನ್ನು ನೀರಿಗೆ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರು ಹೊಯ್ಯಬಾರದು. ಪಾಚಿಗೆ ಬಳಸುವ ಬ್ಲೀಚಿಂಗ್ ಪುಡಿಯನ್ನು ಆಮ್ಲದೊಡನೆ ಎಂದೂ ಬೆರೆಸಕೂಡದು, ಹೊರಡುವ ವಿಷಾನಿಲ ಜೀವಕ್ಕೇ ಅಪಾಯ. ಗೊತ್ತಿದ್ದವರನ್ನು ಹತ್ತಿರ ನಿಲ್ಲಿಸಿಕೊಂಡು ಮಾಡುವ ಕೆಲಸ ಇದು.

ಎರಡು, ಇಳಿಜಾರು. ಸಾಮಾನ್ಯ ಡ್ರಿಪ್ಪರಿನಿಂದ ಬೀಳುವ ನೀರು ಒತ್ತಡದ ವರ್ಗಮೂಲದಂತೆ ಹೆಚ್ಚು ಕಡಿಮೆಯಾಗುತ್ತದೆ. ಮೇಲಿನ ಸಾಲಿನಲ್ಲಿ ಹತ್ತು ಮೀಟರಿನ ಒತ್ತಡವಿದ್ದು, ತೋಟ ಅಲ್ಲಿಂದ ಹತ್ತು ಮೀಟರು ಕೆಳಗಿಳಿದರೆ, ಮೇಲೆ ನಾಲ್ಕು ಲೀಟರು ಬಿಡುವ ಡ್ರಿಪ್ಪರು ಕೆಳಗೆ ಐದೂವರೆ ಲೀಟರಿಗೂ ಹೆಚ್ಚು ಬಿಡುತ್ತದೆ. ಗುಡ್ಡದ ಓರೆಯಲ್ಲಿ ತೋಟವಿರುವವರು ಲ್ಯಾಟರಲ್ ಪೈಪುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಎಳೆಯಬೇಕು. ಮೇಲಿನ ಪಟ್ಟಿಗೊಂದು ಕೆಳಗಿನ ಪಟ್ಟಿಗೊಂದು ವಾಲ್ವು ಇಡಬೇಕು. ಇಲ್ಲವೇ ಸ್ವಲ್ಪ ದುಬಾರಿಯಾದರೂ ಒತ್ತಡ ಸರಿದೂಗಿಸುವ ಡ್ರಿಪ್ಪರು ಹಾಕಬೇಕು. ಬಯಲುಸೀಮೆಯ ದ್ರಾಕ್ಷಿ ತೋಟಕ್ಕೆ ಮಾಡುವ ನಕ್ಷೆಯನ್ನೇ ಕೊಪ್ಪ ಶೃಂಗೇರಿಯ ಓರೆಯ ತೋಟಕ್ಕೂ ಹಾಸಿ ಹೋದರೆ, ರೈತ ಅಳವಡಿಸಿಲ್ಲ ಎನ್ನುವುದಕ್ಕಿಂತ ಅಳವಡಿಸುವಂತೆ ಕೊಡಲಿಲ್ಲ ಎನ್ನುವುದೇ ನ್ಯಾಯ.

ಮೂರನೆಯದು ಪಾಳಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅಣ್ಣ ತಮ್ಮಂದಿರು ಪಾಲಾದಾಗ ತೋಟವನ್ನು ಹಗ್ಗ ಹಿಡಿದು ಹಂಚಿಕೊಳ್ಳಬಹುದು, ಬಾವಿಯನ್ನು ಹಂಚಲಾಗದು. ಹಾಗಾಗಿ ಮೂವರಿಗೆ ಒಂದು ಬಾವಿ, ಒಂದು ಪಂಪು, ಮೂರು ದಿನಕ್ಕೊಮ್ಮೆ ಪಾಳಿ. ಹನಿ ನೀರಾವರಿಯ ತತ್ತ್ವವೇ ದಿನಾಲೂ ಸ್ವಲ್ಪ ಸ್ವಲ್ಪ ಕೊಡುವುದು. ಪಾಳಿಯ ತತ್ತ್ವ ಸಿಕ್ಕ ದಿನ ಸಿಕ್ಕಷ್ಟು ಎಳೆದುಕೊಳ್ಳುವುದು. ತನ್ನ ಪಾಳಿಯ ದಿನ ಹನಿ ಹನಿಯಾಗಿ ಬಿಡುತ್ತಾ ಕೂರಲು ಯಾರಿಗೂ ಮನಸ್ಸು ಬಾರದು. ಅದರ ಮೇಲೆ ತ್ರೀಫೇಸ್ ವಿದ್ಯುತ್ತು ಯಾವ ಹೊತ್ತಿಗೆ ಬರುತ್ತದೋ ಯಾವಾಗ ಹೋಗುತ್ತದೋ. ಇಂತಹ ಕಡೆ ಲ್ಯಾಟರಲ್ ಕಿತ್ತು ಹಳೆಯ ಹೋಸು ಹಿಡಿದವರನ್ನು ಅಜ್ಞಾನಿಗಳೆನ್ನಲು ನನಗೆ ಬಾಯಿ ಬಾರದು.

ಇದಕ್ಕೆ ಎರಡು ದಾರಿಗಳಿವೆ. ಒಂದು, ಮೂರು ದಿನದ ನೀರನ್ನು ಒಂದೇ ದಿನ ಡ್ರಿಪ್ಪರಿನಿಂದಲೇ ಕೊಡುವುದು: ಮರಕ್ಕೆ 54 ಲೀಟರು. ಗಂಟೆಗೆ ಎಂಟು ಲೀಟರಿನ ಎರಡು ಡ್ರಿಪ್ಪರು ಇದ್ದರೆ ಸುಮಾರು ಮೂರೂವರೆ ಗಂಟೆ. ಗೋಡುಮಣ್ಣಿನಲ್ಲಿ ಇದು ನಡೆಯುತ್ತದೆ; ಗರಸು ನೆಲದಲ್ಲಿ ನೀರು ನೇರವಾಗಿ ಕೆಳಗಿಳಿಯುವುದರಿಂದ ನಡೆಯದು. ಎರಡನೆಯದು, ತೋಟದ ಮೇಲ್ಭಾಗದಲ್ಲಿ ತೊಟ್ಟಿ. ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರಿನಂತೆ ಮೂರು ದಿನಕ್ಕೆ ಮೂವತ್ತು ಸಾವಿರ ಲೀಟರಿನ ತೊಟ್ಟಿ ಇದ್ದರೆ ಪಾಳಿಯ ದಿನ ತುಂಬಿಸಿಕೊಂಡು, ಉಳಿದ ದಿನ ಕರೆಂಟಿನ ಹಂಗಿಲ್ಲದೆ ಇಳಿಜಾರಿನ ಬಲದಿಂದಲೇ ಬಿಡಬಹುದು. ನೆಲದ ಓರೆ ನಮಗೆ ಶತ್ರುವಷ್ಟೇ ಅಲ್ಲ, ಹತ್ತು ಮೀಟರು ಎತ್ತರದ ಜಾಗ ಇದ್ದರೆ ಅದೇ ನಮ್ಮ ಪಂಪು. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆಯುತ್ತಾ, ಮೊದಲಿನ ಐದರಲ್ಲಿ ನೀರು ಕಾಣದೆ, ಆರನೆಯದರಲ್ಲಿ ಕಂಡು, ಆ ನೀರಿನಿಂದ ಅಡಿಕೆ ತೋಟ ಎಬ್ಬಿಸಿದ್ದನ್ನು ಎಲ್ಲರೂ ಓದಿದ್ದೀರಿ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಸುರಂಗದ ಸಾಹಸವನ್ನು ಎಲ್ಲರೂ ಕೊಂಡಾಡಿದರು. ನನಗೆ ಅಷ್ಟೇ ದೊಡ್ಡದಾಗಿ ಕಂಡದ್ದು, ಎಳೆಯಾಗಿ ಹರಿದು ಬರುವ ನೀರನ್ನು ಕೂಡಿಟ್ಟು ಗುಡ್ಡದ ಇಳಿಜಾರಿನಲ್ಲೇ ತೋಟಕ್ಕೆ ಉಣಿಸಿದ ಜಾಣತನ.

ಪಂಪಿನ ಬಗ್ಗೆ ಒಂದು ಮಾತು. ಎಕರೆಯ 550 ಮರಕ್ಕೆ ಗಂಟೆಗೆ ಎಂಟು ಲೀಟರಿನಂತೆ ಬೇಕಾಗುವುದು 4,400 ಲೀಟರು ಮಾತ್ರ. ಹೋಸಿನ ಕಾಲದಲ್ಲಿ ಇಳಿಸಿದ ಐದು ಅಶ್ವಶಕ್ತಿಯ ಪಂಪನ್ನು ಹಾಗೆಯೇ ಇದಕ್ಕೆ ಜೋಡಿಸಿದರೆ ಜಾಯಿಂಟು ಹಾರುತ್ತದೆ, ಡ್ರಿಪ್ಪರು ಕಳಚುತ್ತದೆ. ಆಮೇಲೆ ಡ್ರಿಪ್ ಸರಿಯಿಲ್ಲ ಎಂದು ಬೈಗುಳ. ಹೆಚ್ಚಿನ ನೀರು ಬಾವಿಗೆ ಮರಳುವಂತೆ ಬೈಪಾಸ್ ವಾಲ್ವು ಇಡುವುದು ಅಗತ್ಯ. ಹತ್ತು ಅಶ್ವಶಕ್ತಿಯವರೆಗೆ ನೀರಾವರಿ ಪಂಪುಸೆಟ್ಟಿಗೆ ಬಿಲ್ಲು ಇಲ್ಲದಿರುವುದರಿಂದ ಪಂಪು ಎಷ್ಟು ಹೊತ್ತು ಓಡಿತು ಎಂಬುದು ಯಾರ ಜೇಬಿಗೂ ತಾಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳದೆ ಇರಲಾಗದು.

ನೆಲ ಒಣಗಿ ಕಂಡರೆ ಹೆದರಿಕೆ

ನಮ್ಮ ಹಿರಿಯರು ಕಟ್ಟದ ನೀರನ್ನು ಕಪ್ಪಿನಲ್ಲಿ ಹರಿಸಿ, ಹಾಳೆಯಿಂದ ಚಿಮ್ಮಿ ತೋಟವನ್ನೆಲ್ಲ ತೋಯಿಸುತ್ತಿದ್ದರು. ಆಮೇಲೆ ಬಂದ ಸ್ಪ್ರಿಂಕ್ಲರೂ ಹಾಗೆಯೇ ಒಂದಿಂಚು ಬಿಡದೆ ನೆನೆಸುತ್ತದೆ. ತೋಟ ತಂಪಾಗಿದೆ ಎಂದು ಕಾಲಿಗೆ ಗೊತ್ತಾಗುತ್ತದೆ. ಹನಿ ನೀರಾವರಿಯಲ್ಲಿ ಮೇಲೆ ಕಾಣುವುದು ಎರಡು ತಟ್ಟೆಯಗಲದ ಒದ್ದೆ, ಉಳಿದದ್ದೆಲ್ಲ ಒಣ. ಮಾರ್ಚಿನ ಬಿಸಿಲಿನಲ್ಲಿ ಇದನ್ನು ನೋಡಿದ ಹಿರಿಯರ ಜೀವ ತಡೆಯುವುದಿಲ್ಲ, ಹೋಸು ಹಿಡಿದೇ ಬಿಡುತ್ತಾರೆ. ಡ್ರಿಪ್ಪಿನದ್ದೂ ಸೇರಿ, ಹೋಸಿನದ್ದೂ ಸೇರಿ ಮೊದಲಿಗಿಂತ ಹೆಚ್ಚು ನೀರು ಹೋಗುವ ತೋಟಗಳನ್ನು ನಾನು ಕಂಡಿದ್ದೇನೆ.

ಇದಕ್ಕೆ ಭಾಷಣಕ್ಕಿಂತ ಗುದ್ದಲಿ ಒಳ್ಳೆಯ ಉತ್ತರ. ಬುಡದಿಂದ ಎರಡಡಿ ದೂರದಲ್ಲಿ ಡ್ರಿಪ್ಪರಿನ ಪಕ್ಕ ಒಂದೂವರೆ ಅಡಿ ಆಳ ಅಗೆದು ನೋಡಿ. ಮೇಲೆ ತಟ್ಟೆಯಗಲವಿದ್ದ ಒದ್ದೆ ಒಳಗೆ ಗಡಿಗೆಯ ಹೊಟ್ಟೆಯಂತೆ ಹರಡಿರುತ್ತದೆ. ಅಡಿಕೆಯ ಉಣ್ಣುವ ಬೇರುಗಳು ಹೆಚ್ಚಾಗಿ ಇರುವುದೂ ಅದೇ ಮೇಲಿನ ಪದರದಲ್ಲಿ. ಒಳಗೂ ಒದ್ದೆ ಹರಡಿಲ್ಲವಾದರೆ ನಿಮ್ಮದು ಗರಸು ನೆಲ; ಆಗ ಡ್ರಿಪ್ಪರು ಎರಡರ ಬದಲು ನಾಲ್ಕು ಮಾಡಿ, ಬಿಡುವ ಹೊತ್ತು ಕಡಿಮೆ ಮಾಡಬೇಕು. ಡ್ರಿಪ್ಪರನ್ನು ಬುಡಕ್ಕೇ ತಾಗಿಸಿ ಇಡುವುದು ಸಾಮಾನ್ಯವಾಗಿ ಕಾಣುವ ರೂಢಿ. ಹುಲ್ಲು ಹೊಡೆಯುವ ಯಂತ್ರಕ್ಕೆ ಸಿಕ್ಕಿ ತುಂಡಾಗದಿರಲಿ ಎಂದು ಹಾಗೆ ಮಾಡುತ್ತಾರೆ. ಬುಡದಲ್ಲಿ ಕರಿಮೆಣಸಿನ ಬಳ್ಳಿ ಇದ್ದರೆ ಅದು ಸೊರಗು ರೋಗಕ್ಕೆ ಆಹ್ವಾನ. ಸೋಗೆ, ಗೊನೆಯ ಕಸ, ತೆಂಗಿನ ಸಿಪ್ಪೆ ಏನಾದರೂ ಸರಿ, ಡ್ರಿಪ್ಪರಿನ ಮೇಲೆ ಹೊದಿಕೆ ಇದ್ದರೆ ನೀರಿನ ಆಯುಸ್ಸು ಹೆಚ್ಚುತ್ತದೆ, ಹಿರಿಯರ ಕಣ್ಣಿಗೆ ಒಣ ನೆಲವೂ ಕಾಣದು!

ಅಡಿಕೆಯ ನಡುವೆ ಕೋಕೋ, ಬಾಳೆ, ಜಾಯಿಕಾಯಿ ಇರುವವರು ಆ ಗಿಡಗಳಿಗೆ ಬೇರೆಯೇ ಡ್ರಿಪ್ಪರು ಕೊಡಬೇಕು. ಸ್ಪ್ರಿಂಕ್ಲರಿನ ಕಾಲದಲ್ಲಿ ಅವು ಪುಕ್ಕಟೆ ಕುಡಿದು ಬೆಳೆದವು. ಅಡಿಕೆಗೆ ಮಾತ್ರ ಹನಿ ಬಿಟ್ಟು, ಕೋಕೋ ಒಣಗಿತೆಂದು ದೂರುವುದು ಸರಿಯಲ್ಲ.

ಕಾಫಿಯ ಮಾತು ಬೇರೆ

ಕಾಫಿ ಬೆಳೆಗಾರ ಸದಸ್ಯರು ಮೇಲಿನದ್ದನ್ನೆಲ್ಲ ಹಾಗೆಯೇ ತಮ್ಮ ತೋಟಕ್ಕೆ ಒಯ್ಯಬಾರದು. ರೊಬಸ್ಟಾಕ್ಕೆ ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬೀಳದಿದ್ದರೆ ಸ್ಪ್ರಿಂಕ್ಲರಿನಿಂದ ಸುಮಾರು ಒಂದೂವರೆ ಇಂಚು ನೀರು ಕೊಟ್ಟು ಹೂವು ಬಿಡಿಸುವುದು, ಎರಡು ಮೂರು ವಾರದ ಮೇಲೆ ಬ್ಯಾಕಿಂಗ್ ಕೊಡುವುದು ನಡೆದು ಬಂದ ಪದ್ಧತಿ. ಒಂದೂವರೆ ಇಂಚು ಎಂದರೆ ಎಕರೆಗೆ ಒಂದು ಲಕ್ಷ ಐವತ್ತು ಸಾವಿರ ಲೀಟರಿಗೂ ಹೆಚ್ಚು; ಅಡಿಕೆಗೆ ಹದಿನೈದು ದಿನ ಹನಿಸುವಷ್ಟು ನೀರು ಕೆಲವೇ ಗಂಟೆಗಳಲ್ಲಿ. ಆದರೂ ಅದು ದುಂದು ಅಲ್ಲ. ಕಾಫಿ ಮೊಗ್ಗು ಬಲಿತು ಒಟ್ಟಿಗೆ ಅರಳಬೇಕಾದರೆ ಮೊದಲು ಗಿಡ ಕೆಲವು ವಾರ ಒಣಗಿ ಬಾಯಾರಿರಬೇಕು, ಆಮೇಲೆ ಒಮ್ಮೆಲೇ ಸಾಕಷ್ಟು ನೀರು ಸಿಗಬೇಕು. ಆಗ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ.

ಇದನ್ನು ತಿಳಿಯದೆ ಡಿಸೆಂಬರ್ ಜನವರಿಯಲ್ಲಿ ರೊಬಸ್ಟಾಕ್ಕೂ ಹನಿ ಬಿಟ್ಟರೆ ಬಾಯಾರಿಕೆ ಮುರಿದು, ಅಲ್ಲೊಂದು ಇಲ್ಲೊಂದು ಹೂವು ಅರಳಿ, ಕೊಯ್ಲು ಮೂರು ಸುತ್ತು ಆಗುತ್ತದೆ. ಅಡಿಕೆ ಮತ್ತು ರೊಬಸ್ಟಾ ಬೆರೆತಿರುವ ತೋಟಗಳಲ್ಲಿ ಈ ತಾಪತ್ರಯ ನಿಜವಾಗಿಯೂ ಇದೆ: ಅಡಿಕೆಗೆ ಆಗ ನೀರು ಬೇಕು, ಕಾಫಿಗೆ ಬೇಡ. ಸ್ಪ್ರಿಂಕ್ಲರಿಗೆ ಇವೆರಡನ್ನು ಬೇರೆ ಮಾಡಲು ಬಾರದು, ಹನಿ ನೀರಾವರಿಗೆ ಸ್ವಲ್ಪ ಮಟ್ಟಿಗೆ ಬರುತ್ತದೆ, ಡ್ರಿಪ್ಪರು ಅಡಿಕೆಯ ಬುಡದಲ್ಲಿ ಕಾಫಿಯಿಂದ ದೂರದ ಮಗ್ಗುಲಿಗೆ ಇದ್ದರೆ. ಎಳೆಯ ಕಾಫಿ ಗಿಡಗಳನ್ನು ಮೊದಲ ಎರಡು ಬೇಸಿಗೆ ದಾಟಿಸಲು ಹನಿ ನೀರು ಒಳ್ಳೆಯ ಸಹಾಯ. ಫಸಲಿನ ರೊಬಸ್ಟಾದಲ್ಲಿ ಹೂವು ಬಿಡಿಸಲು ಮಾತ್ರ ಸ್ಪ್ರಿಂಕ್ಲರನ್ನು ಕೈಬಿಡಬೇಡಿ ಎಂದೇ ನನ್ನ ಸಲಹೆ.

ಗೊಬ್ಬರವನ್ನು ನೀರಿನೊಡನೆ ಕೊಡುವ ವಿಷಯ ಇನ್ನೊಂದು ಸಂಚಿಕೆಗೆ ಸಾಕಾಗುವಷ್ಟಿದೆ. ವಿಟ್ಲದ ಪ್ರಯೋಗಗಳಲ್ಲಿ ಶಿಫಾರಸಿನ ಮುಕ್ಕಾಲು ಪಾಲು ಗೊಬ್ಬರವನ್ನು ಹತ್ತು ದಿನಕ್ಕೊಮ್ಮೆ ಹನಿಯ ಮೂಲಕ ಕೊಟ್ಟರೆ ಸಾಕೆಂದು ಕಂಡುಬಂದಿದೆ. ಆದರೆ ಕಟ್ಟಿಕೊಂಡ ಡ್ರಿಪ್ಪರಿನಲ್ಲಿ ಗೊಬ್ಬರ ಬಿಟ್ಟರೆ ಮೊದಲ ಸಾಲಿಗೆ ಔತಣ, ಕೊನೆಯ ಸಾಲಿಗೆ ಉಪವಾಸ. ಯೂರಿಯಾ ಮತ್ತು ಬಿಳಿ ಪೊಟ್ಯಾಷ್ ಕರಗುತ್ತವೆ, ಸೂಪರ್ ಫಾಸ್ಫೇಟ್ ಕರಗದು. ಸಗಣಿಯ ಬಗ್ಗಡವನ್ನು ಬಟ್ಟೆಯಲ್ಲಿ ಸೋಸಿದೆವು ಎಂದು ಪೈಪಿಗೆ ಬಿಟ್ಟವರು ಆಮೇಲೆ ಡ್ರಿಪ್ಪರು ಕೊಳ್ಳಲು ನಮ್ಮ ಮಾರಾಟ ವಿಭಾಗಕ್ಕೇ ಬಂದಿದ್ದಾರೆ.

ಉಳಿದ ನೀರು ಯಾರದ್ದು?

ಎಲ್ಲವೂ ಸರಿಯಾಗಿ ನಡೆದು ಅರ್ಧ ನೀರು ಉಳಿಯಿತೆಂದೇ ಇಟ್ಟುಕೊಳ್ಳೋಣ. ಉಳಿದ ನೀರಿಗೆ ಪಕ್ಕದ ಗದ್ದೆ ಕಾಯುತ್ತಿರುತ್ತದೆ. ಭತ್ತದ ಗದ್ದೆಗೆ ಮಣ್ಣು ಹಾಕಿಸಿ, ಬಸಿಗಾಲುವೆ ತೆಗೆಸಿ, ಅಡಿಕೆ ಸಸಿ ನೆಟ್ಟರೆ ಒಂದೆಕರೆಯ ಬಾವಿ ಎರಡೆಕರೆಯ ಬಾವಿಯಾಗುತ್ತದೆ. ಮಾಡುವವರನ್ನು ತಡೆಯಲು ನಾನು ಯಾರು? ಆದರೆ ಹಳ್ಳದಲ್ಲಿ ನೀರು ಹೆಚ್ಚಲಿಲ್ಲ ಎಂಬುದು ಹಳ್ಳದ ಕೆಳಗಿನವರಿಗೆ ಗೊತ್ತು. ಹಿಂದೆ ಮೇಲಿನ ತೋಟಕ್ಕೆ ಎರೆದ ನೀರಿನ ಒಂದು ಪಾಲು ಬಸಿದು ಕೆಳಗಿನ ಬಾವಿಗೆ ಬರುತ್ತಿತ್ತು. ಈಗ ಅದೂ ಕಡಿಮೆ. ಒಂದೇ ಹಳ್ಳದ ಮೇಲಿನ ಹಾಗೂ ಕೆಳಗಿನ ಸದಸ್ಯರು ಮಾರ್ಚಿ ಬಂದರೆ ಪರಸ್ಪರ ಮಾತನಾಡದಿರುವುದು ಸಂಘದ ಸಭೆಗಳಲ್ಲಿ ಎಲ್ಲರೂ ಕಂಡದ್ದೇ. ಮಳೆಗಾಲದಲ್ಲಿ ಹರಿದು ಹೋಗುವುದನ್ನು ಇಂಗಿಸದೆ, ಡಿಸೆಂಬರಿನಲ್ಲಿ ಹಳ್ಳಕ್ಕೆ ಕಟ್ಟ ಕಟ್ಟದೆ, ಡ್ರಿಪ್ಪರು ಒಂದರಿಂದಲೇ ಈ ಜಗಳ ತೀರುತ್ತದೆ ಎಂದು ನಾನು ಹೇಳಲಾರೆ.

ಆದ್ದರಿಂದ ಮುಂದಿನ ಸಾಮಾನ್ಯ ಸಭೆಗೆ ಒಂದು ಸೂಚನೆ ತರುವವನಿದ್ದೇನೆ. ಕೊಳವೆಬಾವಿ ಸಾಲದ ಅರ್ಜಿಯೊಡನೆ ಲೋಟದ ಅಳತೆಯ ಹಾಳೆಯೂ ಇರಬೇಕು. ತೋಟದ ಎಂಟು ಕಡೆ, ಎಂದರೆ ಮೊದಲ ಸಾಲು, ಕೊನೆಯ ಸಾಲು, ನಡುವಿನ ಎರಡು ಸಾಲುಗಳಲ್ಲಿ ಪೈಪಿನ ಆರಂಭಕ್ಕೊಂದು ತುದಿಗೊಂದು, ಮೂರು ಮೂರು ನಿಮಿಷ ಹಿಡಿದು ಬರೆದುಕೊಳ್ಳುವುದು. ಅತಿ ಕಡಿಮೆ ಬಂದದ್ದು ಸರಾಸರಿಯ ಮುಕ್ಕಾಲು ಪಾಲಿಗಿಂತ ಕೆಳಗಿದ್ದರೆ ಮೊದಲು ಅದರ ರಿಪೇರಿಗೆ ಸಣ್ಣ ಸಾಲ, ಬಾವಿಯ ಮಾತು ಆಮೇಲೆ. ಕೆಲವರಿಗೆ ಇದು ಕಿರಿಕಿರಿ ಎನಿಸಬಹುದು, ಸಭೆಯಲ್ಲಿ ಎದ್ದು ಹೇಳಲಿ. ಹೊಸದಾಗಿ ಹಾಕಿಸುವವರಿಗೆ ಸಹಾಯಧನವು ಸರ್ಕಾರದ ನಿಯಮಗಳಂತೆ ತೋಟಗಾರಿಕೆ ಇಲಾಖೆಯ ಮೂಲಕ ಬರುತ್ತಿದ್ದು, ಪ್ರಮಾಣ ಮತ್ತು ಅರ್ಹತೆ ವರ್ಷ ವರ್ಷ ಬದಲಾಗುವುದರಿಂದ ಅರ್ಜಿ ಹಾಕುವ ಮೊದಲು ಆ ಸಾಲಿನ ಸುತ್ತೋಲೆಯನ್ನು ಸಂಘದ ಕಚೇರಿಯಲ್ಲಿ ನೋಡಿಕೊಳ್ಳುವುದು. ಕಾಫಿಗೆ ಸಂಬಂಧಿಸಿದ್ದನ್ನು ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳಲ್ಲಿ ವಿಚಾರಿಸುವುದು.

ಅಳತೆಯ ಲೋಟಗಳು, ತುದಿ ಮುಚ್ಚಳ, ಫಿಲ್ಟರಿನ ಜಾಲರಿ ಮತ್ತು ವಾಷರುಗಳನ್ನು ಮಾರಾಟ ವಿಭಾಗದಲ್ಲಿ ತರಿಸಿಟ್ಟಿದ್ದೇವೆ. ಪ್ರಾತ್ಯಕ್ಷಿಕೆ ಬೇಕಾದವರು ನಾಲ್ಕೈದು ಮನೆಯವರು ಸೇರಿ ತಿಳಿಸಿದರೆ ನಿಮ್ಮ ತೋಟಕ್ಕೇ ಬರುವ ಏರ್ಪಾಡಿದೆ. ಅಂದು ವಾಲ್ವು ತಿರುಗಿಸುವವರು ಯಾರೋ ಅವರು ತಪ್ಪದೆ ಇರಲಿ, ಆಳಾದರೆ ಅಂದಿನ ಸಂಬಳ ಹಿಡಿಯಬೇಡಿ. ಬರುವ ಮುನ್ನಾ ದಿನ ಫಿಲ್ಟರು ತೊಳೆದಿಡಬೇಡಿ, ಇದ್ದ ಹಾಗೆಯೇ ಇರಲಿ.